‘ಭಾಶೆ’ಯನ್ನು ಬೆರಳು ಹಿಡಿದದ್ದು

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ವರ್ಷಗಟ್ಟಲೆ ಎನ್‌ವಿಡಿಎ (ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಓದುವುದನ್ನು ಕೇಳಿಸಿಕೊಂಡೇ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದೆ. ಒಂದು ಸಲ ಪರೀಕ್ಷೆಯ ಮಧ್ಯೆ ಹುಡುಗಿಯೊಬ್ಬಳು ಎದ್ದು, “ಸರ್, ಮೂರನೇ ಪ್ರಶ್ನೆಯಲ್ಲಿ ಭಾಶೆ ಅಂತಿದೆ” ಅಂದಳು. ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ನಾಚಿಕೆ ಬೇಕಾ? ಕಂಪ್ಯೂಟರ್ ಓದಿದಾಗ ಶ, ಷ ಎರಡೂ ನನ್ನ ಕಿವಿಗೆ ಒಂದೇ ಥರ ಕೇಳಿದ್ದವು.

ಆಮೇಲೆ 20 ಸೆಲ್‌ನ ಒಂದು ಬ್ರೈಲ್ ಡಿಸ್‌ಪ್ಲೇ ತಗೊಂಡೆ. ಪರದೆಯ ಮೇಲಿನ ಸಾಲು ಇದರಲ್ಲಿ ಚಿಕ್ಕ ಪಿನ್‌ಗಳಾಗಿ ಮೇಲೇಳುತ್ತದೆ. ಸೆಲ್ ಅಂದರೆ ಒಂದು ಬ್ರೈಲ್ ಗುರುತಿನ ಚುಕ್ಕಿಗಳು ಏಳುವ ಮನೆ; ಆ ಚುಕ್ಕಿಗಳಿಗೆ 1, 2, 3 ಅಂತ ನಂಬರಿರುತ್ತದೆ. ಓದಿ ಮುಗಿದ ಮೇಲೆ ಪಕ್ಕದ ಗುಂಡಿ ಒತ್ತಿದರೆ ಮುಂದಿನ ತುಂಡು ಬರುತ್ತದೆ.

ಮೊದಲ ದಿನ ಏನೂ ಬರಲಿಲ್ಲ. ಯುಎಸ್‌ಬಿ ಹಾಕಿದೆ, ಚಾರ್ಜ್ ಆಗುತ್ತಿತ್ತು, ಆದರೆ ಪಿನ್ ಒಂದೂ ಅಲ್ಲಾಡಲಿಲ್ಲ. ಎನ್‌ವಿಡಿಎಯನ್ನು ಎರಡು ಸಲ ತೆಗೆದು ಮತ್ತೆ ಹಾಕಿದೆ. ಕೊನೆಗೆ ನೋಡಿದರೆ ತಪ್ಪು ಕೇಬಲ್‌ದು! ಡ್ರಾಯರ್‌ನಿಂದ ಎಳೆದಿದ್ದ ಆ ಹಳೇ ಕೇಬಲ್‌ನಲ್ಲಿ ಬರೀ ಕರೆಂಟು ಹರಿಯುತ್ತಿತ್ತು, ಡೇಟಾ ಹೋಗುತ್ತಿರಲಿಲ್ಲ. ಡಬ್ಬಿಯಲ್ಲಿ ಬಂದಿದ್ದ ಕೇಬಲ್ ಹಾಕಿದೆ. ಎನ್‌ವಿಡಿಎಗೆಂದು ಗೊತ್ತುಮಾಡಿದ ಕೀ, ಕಂಟ್ರೋಲ್, ಎ ಒಟ್ಟಿಗೆ ಒತ್ತಿ, ಡಿಸ್‌ಪ್ಲೇಗಳ ಪಟ್ಟಿಯಲ್ಲಿ ‘ಆಟೊಮ್ಯಾಟಿಕ್’ ಆರಿಸಿದೆ. ಗುರುಗುರು ಅಂತ ಪಿನ್‌ಗಳು ಎದ್ದವು.

ಎದ್ದವು, ಆದರೆ ಕನ್ನಡವಲ್ಲ. ಒಂದೊಂದು ಅಕ್ಷರದ ಜಾಗದಲ್ಲೂ ಉದ್ದನೆಯ ಕೋಡ್. ಯೂನಿಕೋಡ್‌ನಲ್ಲಿ ‘ಕ’ ಅಂದರೆ 0ಸಿ95, ಅದೇ ಹಾಗೇ ಬರುತ್ತಿತ್ತು. 20 ಸೆಲ್‌ನಲ್ಲಿ ಮೂರು ಅಕ್ಷರ ಕೂಡ ಪೂರ್ತಿ ಹಿಡಿಯಲಿಲ್ಲ. ಬ್ರೈಲ್ ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಅಕ್ಷರಕ್ಕೆ ಯಾವ ಚುಕ್ಕಿ ಅಂತ ಹೇಳುವ ಔಟ್‌ಪುಟ್ ಟೇಬಲ್ಲನ್ನು ಇಂಗ್ಲಿಷ್‌ನಿಂದ ‘ಕನ್ನಡ ಗ್ರೇಡ್ 1’ಕ್ಕೆ ಬದಲಾಯಿಸಿದ ಮೇಲೆ ಸರಿಹೋಯಿತು. ‘ಕನ್ನಡ’ ಅಂತ ಟೈಪ್ ಮಾಡಿ ಬೆರಳಿಟ್ಟೆ. ಕ, ಆಮೇಲೆ ಒಂಟಿ 4ನೇ ಚುಕ್ಕಿ, ನ, ನ, ಡ. ಒಟ್ಟು ಐದು ಸೆಲ್. ಭಾರತಿ ಬ್ರೈಲ್‌ನಲ್ಲಿ (ಭಾರತದ ಭಾಷೆಗಳಿಗೆ ಬಳಸುವ ಬ್ರೈಲ್ ಲಿಪಿ) ಒತ್ತಕ್ಷರದ ಗುರುತು ವ್ಯಂಜನಕ್ಕಿಂತ ಮೊದಲೇ ಬರುತ್ತದೆ. ಚಿಕ್ಕಂದಿನಲ್ಲಿ ಕಾಗದದ ಮೇಲೆ ಓದಿದ್ದ ಅದೇ ಚುಕ್ಕಿಗಳು.

ಇನ್ನೆರಡು ಬದಲಾವಣೆ ಮಾಡಿಕೊಂಡೆ. ಕರ್ಸರ್ ಮಿಟುಕುವುದನ್ನು ನಿಲ್ಲಿಸಿದೆ. ಓದುವಾಗ ಬೆರಳ ಕೆಳಗೆ ಪಿನ್ ಎದ್ದು ಬಿದ್ದು ಮಾಡುತ್ತಿದ್ದರೆ ಯಾರಿಗೆ ತಾಳ್ಮೆ ಇರುತ್ತದೆ? ಪದ ಮುರಿಯಬಾರದು ಅನ್ನುವ ಆಯ್ಕೆಯನ್ನೂ ತೆಗೆದೆ. ನಮ್ಮ ಪದಗಳು ಉದ್ದ. ‘ಮಾಡಬೇಕಾಗಿರುವುದರಿಂದ’ ಥರದ್ದು ಬಂದರೆ, ಅದನ್ನು ಇಡಿಯಾಗಿ ಮುಂದಕ್ಕೆ ತಳ್ಳಿ ಅರ್ಧ ಸಾಲು ಖಾಲಿ ಬಿಡುತ್ತಿತ್ತು. ಮುರಿದರೂ ಪರವಾಗಿಲ್ಲ, ಬೆರಳಿಗೆ ಅಭ್ಯಾಸವಾಗುತ್ತದೆ.

ಟೈಪ್ ಮಾಡುವುದು ಈಗಲೂ ಕಂಪ್ಯೂಟರ್ ಕೀಬೋರ್ಡಿನಲ್ಲೇ. ತಿದ್ದುವಾಗ ಮಾತ್ರ ಎನ್‌ವಿಡಿಎ ಕೀ ಜೊತೆ ಎಸ್ ಒತ್ತಿ ಮಾತು ನಿಲ್ಲಿಸಿ, ಬರೀ ಬೆರಳಲ್ಲಿ ಓದುತ್ತೇನೆ. ಶ ಅಂದರೆ 1, 4, 6ನೇ ಚುಕ್ಕಿಗಳು. ಷ ಅಂದರೆ ಅದಕ್ಕೇ 2 ಮತ್ತು 3 ಸೇರಿದ್ದು. ತಪ್ಪುವುದಕ್ಕೆ ಸಾಧ್ಯವೇ ಇಲ್ಲ ಅನ್ನುವಷ್ಟು ಬೇರೆ. ಓದುವುದು ಮಾತ್ರ ನಿಧಾನ. ಉದ್ದನೆಯ ಲೇಖನ ಬಂದರೆ ಈಗಲೂ ಕಿವಿಗೇ ಬಿಡುತ್ತೇನೆ.

ಈ ಸಲದ ಪತ್ರಿಕೆ ತಿದ್ದುವಾಗ ಒಂದು ಕಡೆ ಬೆರಳು ಎರಡು ಖಾಲಿ ಸೆಲ್ ಮೇಲೆ ಜಾರಿತು. ಸ್ಪೇಸ್ ಎರಡು ಸಲ ಬಿದ್ದಿತ್ತು. ಇಷ್ಟು ವರ್ಷ ಇಂಥವು ಇನ್ನೆಷ್ಟು ಹಾಗೇ ಪ್ರಿಂಟ್ ಆಗಿದ್ದವೋ! ಆ ಹುಡುಗಿ ಸುಮ್ನೆ ಒಂದನ್ನೇ ಹೇಳಿದ್ದಳೇನೋ.