ನೋವು ಬಂದಾಗ ಕೈ ಎಲ್ಲಿ ಇಡ್ತೀರಿ? ಪಿತ್ತಕೋಶದ ಕಲ್ಲು, ನನ್ನ ಅನುಭವ

ಹೊಟ್ಟೆನೋವು ಅಂತ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು: "ನೋವು ಬಂದಾಗ ಕೈ ಎಲ್ಲಿ ಇಡ್ತೀರಿ, ತೋರಿಸಿ." ಏನಾಗ್ತಿದೆ ಅಂತ ಕೇಳಿದರೆ ಉತ್ತರ ಒಂದೇ, ಗ್ಯಾಸ್ಟ್ರಿಕ್. ಶಿವಮೊಗ್ಗದಲ್ಲಿ ಸರ್ಜನ್ ಆಗಿ ಕೆಲಸ ಶುರು ಮಾಡಿದ ದಿನದಿಂದ ಈ ಮಾತು ಕೇಳುತ್ತಲೇ ಇದ್ದೇನೆ. ಎದೆಯಿಂದ ಹೊಕ್ಕುಳದವರೆಗೆ ಎಲ್ಲಿ ನೋವು ಬಂದರೂ ನಮ್ಮ ಕಡೆ ಅದಕ್ಕೆ ಇದೇ ಹೆಸರು.

ಕೈ ಮಾತ್ರ ಬೇರೆ ಹೇಳುತ್ತದೆ. ಪಿತ್ತಕೋಶದ ಕಲ್ಲಿನ ನೋವು ತಿಂದವರು ಅಂಗೈ ಅಗಲಿಸಿ ಬಲಗಡೆ ಪಕ್ಕೆಲುಬಿನ ಕೆಳಗೋ, ಎದೆಗುಂಡಿಯ ಕೆಳಗೋ ಇಡುತ್ತಾರೆ. ಆಮೇಲೆ ಅದೇ ಕೈಯನ್ನು ಹಿಂದಕ್ಕೆ ತಿರುಗಿಸಿ ಬೆನ್ನು ಮುಟ್ಟಲು ನೋಡುತ್ತಾರೆ. ಎಟುಕುವುದಿಲ್ಲ. ಪಕ್ಕದಲ್ಲಿ ನಿಂತ ಗಂಡನಿಗೋ ಮಗಳಿಗೋ "ಇಲ್ಲಿ ಮುಟ್ಟು, ಅಲ್ಲಲ್ಲ, ಸ್ವಲ್ಪ ಮೇಲೆ" ಅನ್ನುತ್ತಾರೆ. ಮಗಳ ಬೆರಳು ಬಲ ಹೆಗಲ ಮೂಳೆಯ ಹತ್ತಿರ ಬಂದು ನಿಲ್ಲುತ್ತದೆ. ಅಷ್ಟು ನೋಡಿದರೆ ನನ್ನ ಅರ್ಧ ಕೆಲಸ ಆಯಿತು.

ಉಳಿದ ಅರ್ಧ, ನೋವು ಯಾವಾಗ ಬರುತ್ತದೆ ಅನ್ನುವುದರಲ್ಲಿದೆ. ಹಬ್ಬದ ದಿನ ತುಪ್ಪ ಹಾಕಿ ಹೋಳಿಗೆ ತಿಂದಿರುತ್ತಾರೆ, ಇಲ್ಲಾ ನೆಂಟರ ಮನೆಯಲ್ಲಿ ಕಡುಬು, ಹಂದಿ ಸಾರು ಆಗಿರುತ್ತದೆ. ರಾತ್ರಿ ಹನ್ನೆರಡೋ ಒಂದೋ ಗಂಟೆಗೆ ಎಚ್ಚರವಾಗುತ್ತದೆ. ಉರಿಯಲ್ಲ, ಒಳಗೆ ಯಾರೋ ಗಟ್ಟಿಯಾಗಿ ಹಿಡಿದ ಹಾಗೆ. ಕೂತರೂ ಇಲ್ಲ, ಮಲಗಿದರೂ ಇಲ್ಲ. ಅರ್ಧ ಗಂಟೆ ಇರಬಹುದು, ನಾಲ್ಕು ಗಂಟೆಯೂ ಇರಬಹುದು. ಜೀರಿಗೆ ಕಷಾಯ ಕುಡಿಯುತ್ತಾರೆ, ಓಮ ಜಗಿಯುತ್ತಾರೆ. ಬೆಳಗಾಗುವುದರೊಳಗೆ ನೋವು ಪೂರ್ತಿ ಹೋಗಿರುತ್ತದೆ. ಕಷಾಯದಿಂದಲೇ ಹೋಯಿತು ಅಂದುಕೊಳ್ಳುತ್ತಾರೆ. ನಿಜವಾಗಿ ಆಗಿದ್ದು ಏನಂದ್ರೆ, ಪಿತ್ತಕೋಶದ ಬಾಯಿಗೆ ಸಿಕ್ಕಿಕೊಂಡ ಕಲ್ಲು ತಾನಾಗಿ ಹಿಂದೆ ಸರಿದಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎದೆಗುಂಡಿಯ ಹತ್ತಿರ ನೋವು ಅಂದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ನಾನು ಇಸಿಜಿ ಮಾಡಿಸದೆ ಮುಂದೆ ಹೋಗುವುದಿಲ್ಲ. ಹೃದಯದ ನೋವೂ ಇದೇ ವೇಷದಲ್ಲಿ ಬರುತ್ತದೆ.

ಪಿತ್ತಕೋಶ ಅಂದರೆ ಏನು ಅಂತ ಜನರಿಗೆ ಹೇಳುವುದನ್ನು ನನಗೆ ಕಲಿಸಿದವರು ಹೊಸನಗರದ ಕಡೆಯ ಒಬ್ಬ ಅಡಿಕೆ ಬೆಳೆಗಾರರು. ನಾನು ಚಿತ್ರ ಬರೆದು ಲಿವರ್, ನಾಳ, ಚೀಲ ಅಂತ ವಿವರಿಸುತ್ತಿದ್ದೆ. ಅವರು ಸ್ವಲ್ಪ ಹೊತ್ತು ನೋಡಿ, "ಅಂದ್ರೆ ಡಾಕ್ಟ್ರೆ, ಗುಡ್ಡದ ಮೇಲಿಂದ ಅಬ್ಬಿ ನೀರಿನ ಪೈಪು ಮನೆಗೆ ಬರ್ತದೆ. ಮಧ್ಯ ಒಂದು ಟ್ಯಾಂಕ್ ಇದೆ. ನೀವು ಟ್ಯಾಂಕ್ ತೆಗೀತೀರಿ, ಪೈಪು ಮುಟ್ಟೂದಿಲ್ಲ. ಅಷ್ಟೇ ಅಲ್ವಾ?" ಅಂದರು. ಅಷ್ಟೇ! ಅವತ್ತಿನಿಂದ ನಾನು ಇದನ್ನೇ ಹೇಳುತ್ತಿದ್ದೇನೆ. ಅಬ್ಬಿ ಅಂದರೆ ಲಿವರ್. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಪಿತ್ತರಸ ಅಲ್ಲಿ ತಯಾರಾಗುತ್ತದೆ. ಟ್ಯಾಂಕ್ ಅಂದರೆ ಪಿತ್ತಕೋಶ, ಅದರಲ್ಲಿ ಹಿಡಿಯುವುದು 30ರಿಂದ 50 ಮಿಲಿ ಮಾತ್ರ. ಅದು ಪಿತ್ತರಸದ ನೀರಿನ ಅಂಶ ಹೀರಿ ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಎಣ್ಣೆ, ತುಪ್ಪ ಕರುಳಿಗೆ ಬಂದ ಕೂಡಲೇ ಹಿಂಡಿ ಬಿಡುತ್ತದೆ. ಹಬ್ಬದ ಊಟದ ಮೇಲೆ ನೋವು ಬರುವುದು ಅದಕ್ಕೇ. ಹಿಂಡಲು ಹೋದಾಗ ಬಾಯಿಗೆ ಕಲ್ಲು ಅಡ್ಡ ಬರುತ್ತದೆ.

ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಕರಗುವ ಮಿತಿ ಮೀರಿದಾಗ, ಚೀಲ ಸರಿಯಾಗಿ ಖಾಲಿಯಾಗದೆ ಇದ್ದಾಗ ಕಲ್ಲು ಕಟ್ಟುತ್ತದೆ. ಹೆಂಗಸರಲ್ಲಿ ಜಾಸ್ತಿ, ಬಸುರಿ ಬಾಣಂತನದ ಸಮಯದಲ್ಲಿ ಇನ್ನೂ ಜಾಸ್ತಿ. ದಪ್ಪ ಇದ್ದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಉಪವಾಸ ಮಾಡಿ ಒಮ್ಮೆಲೇ ತೂಕ ಇಳಿಸಿದವರಲ್ಲೂ ಬರುತ್ತದೆ. ಇದು ಕಿಡ್ನಿ ಕಲ್ಲಲ್ಲ. ಬಾಳೆದಿಂಡಿನ ರಸ ಕುಡಿದು ಆರು ತಿಂಗಳು ಕಾದು ಬಂದವರು ನನ್ನ ಹತ್ತಿರ ಎಷ್ಟೋ ಜನ. ಬಾಳೆದಿಂಡಿನ ಪಲ್ಯ ನನಗೂ ಇಷ್ಟ, ಧಾರಾಳವಾಗಿ ತಿನ್ನಿ. ಆದರೆ ಪಿತ್ತಕೋಶದ ಕಲ್ಲು ಮೂತ್ರದ ದಾರಿಯಲ್ಲೇ ಇಲ್ಲ. ಕರಗಿಸುವ ಮಾತ್ರೆ ಒಂದಿದೆ ನಿಜ. ಸಣ್ಣ, ಸುಣ್ಣ ಕಟ್ಟದ ಕೊಲೆಸ್ಟ್ರಾಲ್ ಕಲ್ಲಿಗೆ ಮಾತ್ರ ಅದು ನಾಟುತ್ತದೆ. ತಿಂಗಳುಗಟ್ಟಲೆ ನುಂಗಬೇಕು, ಬಿಟ್ಟ ಮೇಲೆ ಕಲ್ಲು ಮತ್ತೆ ಕಟ್ಟುವುದು ಸಾಮಾನ್ಯ. ಕಲ್ಲು ಮಾಡಿದ ಚೀಲ ಅಲ್ಲೇ ಇರುತ್ತದಲ್ಲ.

ಈಗ ನನ್ನನ್ನು ಇವತ್ತಿಗೂ ಬಿಡದ ಒಂದು ಕೇಸ್. ತೀರ್ಥಹಳ್ಳಿ ಕಡೆಯ ಹೆಂಗಸು, ನಲವತ್ತರ ಹತ್ತಿರದ ವಯಸ್ಸು. ಮೂರು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದರು. ಸ್ಕ್ಯಾನ್ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ ಮಾಡುವ ಅಲ್ಟ್ರಾಸೌಂಡ್ ಸಾಕು, ಇದಕ್ಕೆ ಸಿಟಿ ಸ್ಕ್ಯಾನ್ ಏನೂ ಬೇಡ. ಸಣ್ಣ ಸಣ್ಣ ಕಲ್ಲು, ಸುಮಾರು ಇದ್ದವು. ಆಪರೇಷನ್ ಮಾಡಿಸಿಕೊಳ್ಳಿ ಅಂದೆ. "ಅಡಿಕೆ ಕೊನೆ ಕೊಯ್ಲು ಮುಗೀಲಿ ಡಾಕ್ಟ್ರೆ, ಸುಲಿಯೋರಿಗೆ ಅಡುಗೆ ಮಾಡೋರು ನಾನೊಬ್ಳೇ" ಅಂದರು. ನಮ್ಮ ಕಡೆ ಆ ಮಾತಿಗೆ ಎದುರು ಹೇಳುವುದು ಕಷ್ಟ. ಸರಿ ಅಂದೆ. ಕೊಬ್ಬಿನ ಪದಾರ್ಥ ಕಡಿಮೆ ಮಾಡಿ ಅಂದೆ. ಅಷ್ಟೇ ಹೇಳಿ ಕಳಿಸಿದೆ.

ಎರಡು ತಿಂಗಳಿಗೆ ವಾಪಸ್ ಬಂದಾಗ ಕಣ್ಣು ಅರಿಶಿನದಂತೆ ಹಳದಿ. ಮೈ ನಡುಗುವ ಚಳಿಜ್ವರ. ಒಂದು ಸಣ್ಣ ಕಲ್ಲು ಚೀಲದಿಂದ ಜಾರಿ ಮುಖ್ಯ ನಾಳದಲ್ಲಿ ಕೂತಿತ್ತು, ಅದರ ಹಿಂದೆ ಕೀವಾಗುತ್ತಿತ್ತು. ಜ್ವರ ಬಂದು ಆಗಲೇ ನಾಲ್ಕು ದಿನ. ಕಾಮಾಲೆ ಅಂತ ಊರಲ್ಲಿ ಸೊಪ್ಪಿನ ಔಷಧಿ ಕೊಡಿಸಿದ್ದರು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಕಲ್ಲು ತೆಗೆಯುವ ಇಆರ್‌ಸಿಪಿ ಆಯಿತು, ಆಮೇಲೆ ಪಿತ್ತಕೋಶದ ಆಪರೇಷನ್. ಉಳಿದರು. ಆದರೆ ಐಸಿಯುನಲ್ಲಿ ಐದು ದಿನ ಕಳೆದರು. ಕಾದಿದ್ದು ಅವರ ತಪ್ಪಲ್ಲ. ಯಾವ ಲಕ್ಷಣ ಬಂದರೆ ಕಾಯಬಾರದು ಅಂತ ನಾನು ಹೇಳಿರಲಿಲ್ಲ, ಅದು ನನ್ನ ತಪ್ಪು.

ಆವತ್ತಿನಿಂದ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದು, ಓದಿ ಹೇಳಿ ಕೊಡುತ್ತೇನೆ. ಕಣ್ಣು ಹಳದಿ ಅಥವಾ ಮೂತ್ರ ಗಾಢ ಹಳದಿಯಾದರೆ, ಚಳಿ ಬಂದು ಜ್ವರ ಬಂದರೆ, ನೋವು ಐದಾರು ಗಂಟೆಯಾದರೂ ಬಿಡದಿದ್ದರೆ, ನೋವು ಹೊಟ್ಟೆಯ ನಟ್ಟನಡುವೆ ಬಂದು ವಾಂತಿ ನಿಲ್ಲದಿದ್ದರೆ, ಅದೇ ದಿನ ಹೊರಡಿ. ಕೊನೆಯದ್ದು ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಊತ ಇರಬಹುದು. ದೊಡ್ಡ ಕಲ್ಲಿಗಿಂತ ಸಣ್ಣ ಕಲ್ಲುಗಳೇ ಅದನ್ನು ಹೆಚ್ಚು ಮಾಡುತ್ತವೆ, ಜಾರಿ ಹೋಗುವುದು ಅವೇ. "ಕಲ್ಲು ಚಿಕ್ಕದು, ಏನಾಗಲ್ಲ ಬಿಡಿ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಮಳೆಗಾಲದಲ್ಲಿ ಆಗುಂಬೆ, ಬಿದನೂರು ನಗರ ಕಡೆಯವರಿಗೆ ಇನ್ನೊಂದು ಮಾತು ಸೇರಿಸುತ್ತೇನೆ: ರಾತ್ರಿಯಾಗಲಿ ಅಂತ ಕಾಯಬೇಡಿ, ಬೆಳಕಿರುವಾಗಲೇ ಗಾಡಿ ಹಿಡಿಯಿರಿ. ಮರ ಬಿದ್ದು ರಸ್ತೆ ಕಟ್ಟಿದರೆ ಯಾರೂ ಏನೂ ಮಾಡುವ ಹಾಗಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿತು ಅಂತ ಹೆದರಿ ಬರುವವರು ಎಷ್ಟೋ. ನೋವೇ ಬಂದಿಲ್ಲ. ಅಂಥವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ತೊಂದರೆ ಆಗುವುದಿಲ್ಲ. ಕೆಲವು ವಿಶೇಷ ಕಾರಣ ಬಿಟ್ಟರೆ ಅವರಿಗೆ ಆಪರೇಷನ್ ಬೇಡ ಅಂತ ವಾಪಸ್ ಕಳಿಸುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಇನ್ನೊಂದು ಕಡೆ ತೋರಿಸುತ್ತಾರೆ. ತೋರಿಸಲಿ. ನೋವಿಲ್ಲದ ಹೊಟ್ಟೆಗೆ ಸುಮ್ನೆ ಕತ್ತರಿ ಹಾಕಲು ನನಗೆ ಮನಸ್ಸಿಲ್ಲ.

ಇನ್ನು ಆಪರೇಷನ್ ವಿಷಯ. ಕಲ್ಲು ಮಾತ್ರ ತೆಗೆಯುವುದಿಲ್ಲ, ಚೀಲವನ್ನೇ ತೆಗೆಯುತ್ತೇವೆ. 1882ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್ ಮೊದಲ ಸಲ ಇದನ್ನು ಮಾಡಿದರು. ನೂರು ವರ್ಷ ಪಕ್ಕೆಲುಬಿನ ಕೆಳಗೆ ಉದ್ದ ಗಾಯ ಮಾಡಿಯೇ ನಡೆಯಿತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ತೆಗೆದರು. ನಮ್ಮ ದೇಶಕ್ಕೆ ಅದನ್ನು 1990ರಲ್ಲಿ ಮುಂಬೈನಲ್ಲಿ ತಂದವರು ಡಾ. ತೆಹೆಮ್ಟನ್ ಉದ್ವಾಡಿಯಾ.

ನಾಲ್ಕು ಸಣ್ಣ ತೂತು. ಹೊಕ್ಕುಳದ ಹತ್ತಿರ ಕ್ಯಾಮೆರಾ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿಸಿ ಜಾಗ ಮಾಡಿಕೊಳ್ಳುತ್ತೇವೆ. ಚೀಲದ ತುದಿ ಹಿಡಿದು ಲಿವರ್ ಮೇಲಕ್ಕೆ ಎತ್ತಿದರೆ ಚೀಲದ ಕತ್ತು ಕಾಣುತ್ತದೆ. ಆ ಕತ್ತಿನ ಹತ್ತಿರ ಬೆರಳ ತುದಿಯಷ್ಟು ಜಾಗ, ಮೇಲೆ ಹಳದಿ ಕೊಬ್ಬು. ನನ್ನ ಇಡೀ ಕಸುಬು ಇರುವುದು ಅಲ್ಲಿ.

ನಾನು ಕಲಿಯುತ್ತಿದ್ದ ಕಾಲ. ಹಿರಿಯರು ಎದುರು ನಿಂತಿದ್ದರು, ಉಪಕರಣ ನನ್ನ ಕೈಯಲ್ಲಿ. ಎಲ್ಲ ಸಲೀಸಾಗಿ ಹೋಗುತ್ತಿತ್ತು. ಒಂದು ನಾಳ ಚೆನ್ನಾಗಿ ಕಂಡಿತು, ನೇರವಾಗಿ ಚೀಲದ ಕಡೆ ಹೋಗುತ್ತಿತ್ತು. "ಕ್ಲಿಪ್" ಅಂತ ಕೇಳಿದೆ, ಕತ್ತರಿಸುವ ಮೊದಲು ನಾಳವನ್ನು ಬಿಗಿದು ಮುಚ್ಚುವುದು ಅದೇ. ಸಿಸ್ಟರ್ ಕೊಟ್ಟರು. ಅದರ ಬಾಯಿ ನಾಳದ ಮೇಲೆ ಇಟ್ಟೆ. ಹಿರಿಯರು ನನ್ನ ಮಣಿಕಟ್ಟು ಹಿಡಿದರು. ಬೈಯಲಿಲ್ಲ. "ಎಳೆಯೋದು ಸ್ವಲ್ಪ ಬಿಡು" ಅಂದರು. ಚೀಲ ಎಳೆದು ಹಿಡಿದಿದ್ದ ಕೈ ಸಡಿಲ ಮಾಡಿದೆ. ನೆಟ್ಟಗಿದ್ದ ನಾಳ ಬಾಗಿ ತನ್ನ ಜಾಗಕ್ಕೆ ಹೋಯಿತು. ಅದು ಚೀಲದ ನಾಳವೇ ಅಲ್ಲ, ಲಿವರ್‌ನಿಂದ ಕರುಳಿಗೆ ಹೋಗುವ ಮುಖ್ಯ ನಾಳ. ನಾನು ಎಳೆದ ರಭಸಕ್ಕೆ ಅದೂ ಎದ್ದು ಬಂದಿತ್ತು. ಅಬ್ಬಿಯ ಮೇನ್ ಪೈಪನ್ನೇ ಟ್ಯಾಂಕಿನ ಪೈಪು ಅಂದುಕೊಂಡು ಕುಯ್ಯಲು ಹೊರಟಿದ್ದೆ.

ಅದನ್ನು ಕತ್ತರಿಸಿದ್ದರೆ ಆ ರೋಗಿಯ ಮುಂದಿನ ಜೀವನವೇ ಆಸ್ಪತ್ರೆ. ಈ ಪೆಟ್ಟು ಸಾವಿರದಲ್ಲಿ ಮೂರರಿಂದ ಐದು ಜನಕ್ಕೆ ಆಗುತ್ತದೆ ಅಂತ ಲೆಕ್ಕ. ಕಡಿಮೆ ಅನ್ನಿಸುತ್ತದೆ, ಆದರೆ ಆದವರಿಗೆ ಅದು ಕಡಿಮೆಯಲ್ಲ. ಕಾರಣ ಹೆಚ್ಚಾಗಿ ಕೈಯ ತಪ್ಪಲ್ಲ, ಕಣ್ಣಿನ ತಪ್ಪು. 1995ರಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಅಮೆರಿಕದ ಸರ್ಜನ್ ಇದಕ್ಕೆ ಒಂದು ನಿಯಮ ಕೊಟ್ಟರು. ಕೊಬ್ಬು ಪೂರ್ತಿ ಬಿಡಿಸು. ಚೀಲದ ಕೆಳಭಾಗವನ್ನು ಲಿವರ್‌ನಿಂದ ಸ್ವಲ್ಪ ಬಿಡಿಸು. ಚೀಲಕ್ಕೆ ಹೋಗುವುದು ಎರಡೇ ಎರಡು, ಒಂದು ನಾಳ, ಒಂದು ರಕ್ತನಾಳ, ಅವುಗಳ ನಡುವಿನ ಕಿಂಡಿಯಲ್ಲಿ ಹಿಂದಿನ ಲಿವರ್ ಕಾಣಬೇಕು. ಅಲ್ಲಿಯವರೆಗೆ ಏನನ್ನೂ ಕತ್ತರಿಸಬೇಡ. ನಮ್ಮ ಥಿಯೇಟರಿನಲ್ಲಿ ಆ ಹಂತ ಬಂದಾಗ ನಾನು ಕೈ ನಿಲ್ಲಿಸುತ್ತೇನೆ. ಅಸಿಸ್ಟೆಂಟ್‌ಗೆ ಕೇಳುತ್ತೇನೆ, ಸಿಸ್ಟರ್‌ಗೂ ಕೇಳುತ್ತೇನೆ: "ಎಷ್ಟು ಕಾಣ್ತಿದೆ?" ಮೂವರೂ ಎರಡು ಅಂದ ಮೇಲೆ ಫೋಟೋ ತೆಗೆದಿಟ್ಟು ಆಮೇಲೆ ಕ್ಲಿಪ್ ಕೇಳುತ್ತೇನೆ. ಒಂದು ನಿಮಿಷವೂ ಹಿಡಿಯುವುದಿಲ್ಲ.

ಕಾಣದಿದ್ದರೆ? ಊತ ಬಂದು ಎಲ್ಲ ಅಂಟಿಕೊಂಡಿದ್ದರೆ ಎಷ್ಟೋ ಸಲ ಕಾಣುವುದಿಲ್ಲ. ಆಗ ಚೀಲದ ಸ್ವಲ್ಪ ಭಾಗ ಅಲ್ಲೇ ಬಿಟ್ಟು ಉಳಿದದ್ದನ್ನು ತೆಗೆಯಬಹುದು, ಇಲ್ಲವೇ ಹೊಟ್ಟೆ ತೆರೆಯಬೇಕು. ತೆರೆದ ಮೇಲೆ ಹೊರಗೆ ಕಾದವರಿಗೆ ಹೇಳಲು ನಾನೇ ಹೋಗುತ್ತೇನೆ. "ತೂತಿನ ಆಪರೇಷನ್ ಅಂದಿದ್ರಲ್ಲ ಡಾಕ್ಟ್ರೆ" ಅಂತ ಕೇಳುತ್ತಾರೆ. ಕೇಳಲೇಬೇಕು. ಅದಕ್ಕೇ ಈ ಮಾತನ್ನು ಸಹಿ ಹಾಕಿಸುವ ಮೊದಲೇ, ಮನೆಯವರನ್ನು ಎದುರು ಕೂರಿಸಿಕೊಂಡು ಹೇಳಿರುತ್ತೇನೆ. ಊತ ಶುರುವಾದವರು ಮೊದಲ ಎರಡು ಮೂರು ದಿನದಲ್ಲೇ ಬಂದರೆ ನಮ್ಮ ಕೆಲಸ ಸುಲಭ. ತಡವಾದಷ್ಟೂ ಒಳಗೆ ಅಂಟು ಗಟ್ಟಿಯಾಗುತ್ತದೆ.

ಸಲೀಸಾದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ, ಮರುದಿನ ಮನೆಗೆ. ಹೊಟ್ಟೆಗಿಂತ ಬಲ ಹೆಗಲು ನೋಯುತ್ತದೆ ಅಂತ ಗಾಬರಿಯಾಗುತ್ತಾರೆ. ತುಂಬಿಸಿದ ಗ್ಯಾಸ್ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಣಕಿದ್ದಕ್ಕೆ ಆ ನೋವು, ಒಂದೆರಡು ದಿನದಲ್ಲಿ ಹೋಗುತ್ತದೆ. ಊಟಕ್ಕೆ ದೊಡ್ಡ ಪಥ್ಯವಿಲ್ಲ. ಮೊದಲ ಕೆಲವು ವಾರ ಎಣ್ಣೆ ಪದಾರ್ಥ ಸ್ವಲ್ಪ ಸ್ವಲ್ಪ. ಕೆಲವರಿಗೆ ಬೇಧಿಯ ಹಾಗೆ ಆಗುತ್ತದೆ, ಟ್ಯಾಂಕ್ ಇಲ್ಲದೆ ಪಿತ್ತರಸ ಸದಾ ತೊಟ್ಟಿಕ್ಕುವುದರಿಂದ. ಹೆಚ್ಚಿನವರಿಗೆ ಅದು ತಾನಾಗಿ ಸರಿಹೋಗುತ್ತದೆ. ಸೊಪ್ಪಿನ ಹೊರೆ, ಅಡಿಕೆ ಮೂಟೆ ಎತ್ತುವುದು ಮಾತ್ರ ಒಂದು ತಿಂಗಳು ಬೇಡ.

ತೆಗೆದ ಕಲ್ಲನ್ನು ನೋಡಬೇಕು ಅಂತ ಎಲ್ಲರಿಗೂ ಆಸೆ. ತೊಳೆದು ಡಬ್ಬಿಯಲ್ಲಿ ಹಾಕಿ ಕೊಡುತ್ತೇವೆ. ಕೆಲವು ಮೆಣಸಿನಕಾಳಿನಂತೆ ಕಪ್ಪು, ಹಿಸುಕಿದರೆ ಪುಡಿ. ಕೆಲವು ಹಳದಿ, ಒಂದಕ್ಕೊಂದು ಒತ್ತಿ ಒತ್ತಿ ಮೈಯೆಲ್ಲ ಮಟ್ಟಸವಾಗಿ ಮೂಲೆ ಮೂಡಿರುತ್ತದೆ. ಡಬ್ಬಿ ಜೋಪಾನವಾಗಿ ಊರಿಗೆ ಹೋಗುತ್ತದೆ. ಆದರೆ ಚೀಲವನ್ನು ನಾವು ಪರೀಕ್ಷೆಗೆ ಕಳಿಸಿರುತ್ತೇವೆ, ಆ ರಿಪೋರ್ಟ್ ಒಯ್ಯಲು ಎಷ್ಟೋ ಜನ ಬರುವುದೇ ಇಲ್ಲ. ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಸಿಗುತ್ತದೆ. ಸಿಕ್ಕರೆ ಅದೇ ವಾರ ತಿಳಿಯಬೇಕು. ಹಾಗಾಗಿ ಬಾರದವರಿಗೆ ನಮ್ಮ ಸಿಸ್ಟರ್ ಫೋನ್ ಮಾಡುತ್ತಾರೆ. ಕಾಡಿನ ನಡುವಿನ ಮನೆಗಳಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಅದಕ್ಕೆ ಅಡ್ಮಿಟ್ ಆಗುವಾಗಲೇ ಪೇಟೆಯಲ್ಲಿ ಅವರು ಸಾಮಾನು ತರುವ ಅಂಗಡಿಯ ನಂಬರನ್ನೂ ಬರೆಸಿಕೊಳ್ಳುತ್ತೇವೆ.