ನಕ್ಷೆಯಲ್ಲಿ ಸಿಹಿನೀರು ಕಂಡರೆ: ಉಪಗ್ರಹದಿಂದ ಕಡಲಿನ ಉಪ್ಪು ನೋಡುವ ಬಗೆ

ಸಾಣಿಕಟ್ಟಾದ ಉಪ್ಪಿನ ಆಗರಗಳ ಪಕ್ಕದಲ್ಲೇ ಬೆಳೆದವಳು ನಾನು. ಈಗ ನನ್ನ ಕೆಲಸವೂ ಉಪ್ಪಿನದ್ದೇ. ಉಪಗ್ರಹದ ಅಳತೆಗಳಲ್ಲಿ ಬಂಗಾಳ ಕೊಲ್ಲಿಯ ಉಪ್ಪಿನಂಶ ನೋಡುತ್ತೇನೆ. ಹೊಸಬರು ಹೀಗೆ ಶುರು ಮಾಡಿ.

ನಾಸಾದ ಸ್ಮ್ಯಾಪ್ ಉಪಗ್ರಹ 2015ರ ಜನವರಿಯಲ್ಲಿ ಹಾರಿತು. ಕಳಿಸಿದ್ದು ಮಣ್ಣಿನ ತೇವ ಅಳೆಯಲು. ಅದರ ರೇಡಿಯೋಮೀಟರ್ (ಮೈಕ್ರೋವೇವ್ ಅಳೆಯುವ ಉಪಕರಣ) ಕಡಲಿಗೂ ಒದಗಿತು. ನಾಸಾದ ಅರ್ಥ್‌ಡೇಟಾ ಖಾತೆ ತೆರೆದರೆ 8 ದಿನಗಳ ಸರಾಸರಿ ಫೈಲ್‌ಗಳು ಪುಕ್ಕಟೆ ಸಿಗುತ್ತವೆ. ಅಕ್ಟೋಬರ್‌ನದ್ದು ಒಂದು ತಗೊಳ್ಳಿ. ಗಂಗಾ, ಬ್ರಹ್ಮಪುತ್ರದ ಮಳೆಗಾಲದ ನೀರು ಪೂರ್ವ ಕರಾವಳಿ ಹಿಡಿದು ದಕ್ಷಿಣಕ್ಕೆ ಇಳಿಯುವ ಕಾಲ ಅದು. ಪೈಥಾನ್‌ನಲ್ಲೋ, ಇಂಥ ಫೈಲ್‌ಗಳನ್ನು ನಕ್ಷೆಯಾಗಿ ತೋರಿಸುವ ಪನೋಪ್ಲಿ ತಂತ್ರಾಂಶದಲ್ಲೋ ತೆರೆದು, ಬಣ್ಣದ ಅಳತೆಯನ್ನು 26ರಿಂದ 36ಕ್ಕೆ (ಕಿಲೋ ನೀರಿಗೆ ಸುಮಾರು ಅಷ್ಟು ಗ್ರಾಂ ಉಪ್ಪು) ಇಡಿ.

ಈಗ ಸ್ವಲ್ಪ ತಡೆಯಿರಿ. ಉಪಗ್ರಹಕ್ಕೆ ಉಪ್ಪು ಕಾಣುವುದಿಲ್ಲ. ಕಡಲು ತಾನಾಗೇ ಹೊರಸೂಸುವ ಮೈಕ್ರೋವೇವ್ ಅನ್ನು ಅದು 1.4 ಗಿಗಾಹರ್ಟ್ಸ್‌ನಲ್ಲಿ ಅಳೆಯುತ್ತದೆ. ಉಪ್ಪು ಹೆಚ್ಚಿದಷ್ಟೂ ಆ ಹೊಳಪು ಕಡಿಮೆ. ಎಷ್ಟು ಕಡಿಮೆ? ಈ ಹೊಳಪನ್ನು ಉಷ್ಣತೆಯ ಮಾನವಾದ ಕೆಲ್ವಿನ್‌ನಲ್ಲೇ ಹೇಳುತ್ತಾರೆ; ಒಟ್ಟು ಸುಮಾರು 100 ಕೆಲ್ವಿನ್. ನಮ್ಮ ಬೆಚ್ಚನೆಯ ಕಡಲಲ್ಲಿ ಕಿಲೋ ನೀರಿಗೆ 1 ಗ್ರಾಂ ಉಪ್ಪು ಜಾಸ್ತಿಯಾದರೆ ಇಳಿಯುವುದು ಅರ್ಧದಿಂದ ಮುಕ್ಕಾಲು ಕೆಲ್ವಿನ್.

ನೆಲದ ಹೊಳಪು ಕಡಲಿನ ಎರಡು ಪಟ್ಟಿಗೂ ಜಾಸ್ತಿ. ಗಾಳಿಗೆ ಎದ್ದ ಅಲೆ, ನೊರೆಯೂ ಹೊಳಪು ಹೆಚ್ಚಿಸುತ್ತವೆ. ದಡದ ರೇಡಾರ್‌ಗಳೂ ಅಷ್ಟೇ. ಫೈಲ್ ಕೊಡುವ ಮುಂಚೆ ಇವನ್ನೆಲ್ಲ ತಿದ್ದಿರುತ್ತಾರೆ, ಆದರೂ ಒಂಚೂರು ಉಳಿಯುತ್ತದೆ. ಉಳಿದದ್ದು ಸಿಹಿನೀರಿನ ವೇಷ ಹಾಕಿಕೊಂಡು ಬರುತ್ತದೆ!

ಮೊದಲ ವರ್ಷ ಕಾರವಾರದ ತೀರದುದ್ದಕ್ಕೂ ನನಗೆ ಒಂದು ಸಿಹಿ ಪಟ್ಟಿ ಕಂಡಿತ್ತು. ಕಾಳಿ ನದಿಯ ನೀರು ಎಂದುಕೊಂಡು ಓಡಿಹೋಗಿ ಗೈಡ್‌ಗೆ ತೋರಿಸಿದೆ. "ಏಪ್ರಿಲ್‌ನಲ್ಲಿ ಕಾಳಿಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕಮ್ಮಾ?" ಅಂದರು. ನಾನು ನೋಡಿದ್ದು ನೆಲದ ಹೊಳಪು.

ಅಂದಿನಿಂದ ತೀರದ 50 ಕಿಲೋಮೀಟರ್ ಒಳಗಿನ ಪಿಕ್ಸೆಲ್‌ಗಳನ್ನು ಪಕ್ಕಕ್ಕಿಡುತ್ತೇನೆ. ನೀವೂ ಇಡಿ. ಫೈಲ್‌ನ ಚೌಕ ಕಾಲು ಡಿಗ್ರಿಯದ್ದು (ಸುಮಾರು 27 ಕಿಲೋಮೀಟರ್) ನಿಜ, ಆದರೆ ಆಂಟೆನಾ ಒಮ್ಮೆಗೆ ನೋಡುವುದು ಸುಮಾರು 40 ಕಿಲೋಮೀಟರ್ ಅಗಲ. ಒಂದೇ ಚೌಕದಷ್ಟು ಸಣ್ಣ ಗುರುತನ್ನು ನಂಬಿ ಏನೂ ಬರೆಯಬೇಡಿ.

ಇನ್ನೂ ಅನುಮಾನವಿದ್ದರೆ 8 ದಿನಗಳ ನಂತರದ ಫೈಲ್ ತೆರೆಯಿರಿ. ಮರುದಿನದ್ದು ಬೇಡ, ಅದರಲ್ಲಿ 7 ದಿನ ಹಳೆಯವೇ ಇರುತ್ತವೆ. ನದಿಯ ನೀರಾದರೆ ಜಾಗ ಬದಲಿಸಿರುತ್ತದೆ. ನೆಲದ ಹೊಳಪಾದರೆ ಅಲ್ಲೇ ಇರುತ್ತದೆ.

ಕೊನೆಗೆ ಹತ್ತಿರದ ಆರ್ಗೋ ಫ್ಲೋಟ್ (ಕಡಲಲ್ಲಿ ತೇಲುತ್ತ, ಮುಳುಗಿ ಏಳುತ್ತ ಉಪ್ಪಿನಂಶ ಅಳೆಯುವ ಯಂತ್ರ) ಜೊತೆ ಹೋಲಿಸಿ. ಅದರ ಮೇಲ್ಭಾಗದ ಅಳತೆ ಸಾಮಾನ್ಯವಾಗಿ 5 ಮೀಟರ್ ಆಳದ್ದು. ಉಪಗ್ರಹದ್ದು ಮೇಲಿನ 1 ಸೆಂಟಿಮೀಟರ್ ಮಾತ್ರ. ಜೋರು ಮಳೆ ಬಿದ್ದು ಗಾಳಿ ಇಲ್ಲದಿದ್ದರೆ ಮೇಲಿನ ಪದರ ನಿಜಕ್ಕೂ ಸಿಹಿಯಾಗಿರುತ್ತದೆ, ಫ್ಲೋಟ್‌ಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಡುವ ಮುಂಚೆ ಆ ವಾರದ ಮಳೆಯ ಲೆಕ್ಕ ತೆಗೆದು ನೋಡಿ.