ಜಾಕ್ಸನ್ ಹೈಟ್ಸ್ ನಿಲ್ದಾಣ: ಹುಬ್ಬಳ್ಳಿ ಕಡೆಯಿಂದ ಬಂದವರಿಗೆ

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ನ್ಯೂಯಾರ್ಕಿಗೆ ಬಂದು ಕ್ವೀನ್ಸ್‌ನಲ್ಲಿ ಮನೆ ಹಿಡಿಯುವವರು ಬೇಗನೆ ಜಾಕ್ಸನ್ ಹೈಟ್ಸ್‌ನ ಸಬ್‌ವೇ, ಅಂದರೆ ಮೆಟ್ರೋ ರೈಲಿನ, ನಿಲ್ದಾಣಕ್ಕೆ ಬಂದೇ ಬರುತ್ತಾರೆ. ನಮ್ಮ ದಿನಸಿಯ ಅಂಗಡಿಗಳು 74ನೇ ಬೀದಿಯಲ್ಲಿವೆ, ಫ್ಲಶಿಂಗ್‌ನ ಗಣಪತಿ ದೇವಸ್ಥಾನದತ್ತ ಹೋಗುವ 7ನೇ ಗಾಡಿಯೂ ಇಲ್ಲೇ ಸಿಗುತ್ತದೆ. ವಾಸ್ತವವಾಗಿ ಇಲ್ಲಿರುವುದು ಎರಡು ನಿಲ್ದಾಣಗಳು. 7ನೇ ಗಾಡಿಯದು ರಸ್ತೆಯ ಮೇಲೆ ಕಂಬಗಳ ಮೇಲಿದ್ದು 1917ರಲ್ಲಿ ತೆರೆಯಿತು. ಇ, ಎಫ್, ಎಂ, ಆರ್ ಗಾಡಿಗಳದು ನೆಲದಡಿಯಲ್ಲಿದ್ದು 1933ರಲ್ಲಿ ತೆರೆಯಿತು. ಹುಬ್ಬಳ್ಳಿಯ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಡೆದು ಸೋತವರಿಗೆ ಇಲ್ಲಿ ಏರಿಳಿದು ಸೋಲುವ ಭಾಗ್ಯ.

ಹಣದ ವಿಷಯ ಸರಳ: ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿರಿ, ಎರಡು ಗಂಟೆಯೊಳಗೆ ಬಸ್ಸಿಗೆ ಬದಲಾಯಿಸಿದರೆ ಅದೇ ಕಾರ್ಡಿಗೆ ಮತ್ತೆ ಹಣ ಬೀಳುವುದಿಲ್ಲ. ಲಗಾರ್ಡಿಯಾ ವಿಮಾನ ನಿಲ್ದಾಣದ ಕ್ಯೂ70 ಬಸ್ಸು ಉಚಿತ.

ಕಷ್ಟವಿರುವುದು ನಮ್ಮ ಅಭ್ಯಾಸದಲ್ಲಿ. ಬಂದ ಗಾಡಿಯನ್ನು ಮೊದಲು ಹತ್ತಿ, ಅದು ಎಲ್ಲಿಗೆ ಹೋಗುತ್ತದೆಂದು ಕುಳಿತ ಮೇಲೆ ಪಕ್ಕದವರನ್ನು ಕೇಳುವವರು ನಾವು. ಕೆಳಗಿನ ಪ್ಲಾಟ್‌ಫಾರ್ಮಿನ ಒಂದು ಬದಿಗೆ ಎಲ್ಲ ಕಡೆ ನಿಲ್ಲುವ ಗಾಡಿ, ಇನ್ನೊಂದು ಬದಿಗೆ ಎಕ್ಸ್‌ಪ್ರೆಸ್ ಬರುತ್ತವೆ. ಹಗಲಿನಲ್ಲಿ ಜಮೈಕಾ ಕಡೆಗೆ ಹೊರಟ ಇ ಅಥವಾ ಎಫ್ ಹತ್ತಿದರೆ ಮುಂದಿನ ನಿಲುಗಡೆ ಫಾರೆಸ್ಟ್ ಹಿಲ್ಸ್. ಎಲ್ಮ್‌ಹರ್ಸ್ಟ್, ರೀಗೊ ಪಾರ್ಕ್‌ಗಳೆಲ್ಲ ಕಿಟಕಿಯಾಚೆ ಹಾರಿಹೋಗುತ್ತವೆ. ಧಾರವಾಡದ ದಾರಿಯಲ್ಲಿ ಎಲ್ಲ ಕಡೆ ನಿಲ್ಲುವ ಚಿಗರಿ ಬಸ್ಸು ಯಾವುದು, ನಿಲ್ಲದ್ದು ಯಾವುದು ಎಂದು ಬೇರೆಯವರಿಗೆ ಹೇಳಿಕೊಡುತ್ತಿದ್ದ ನಾನೇ ರೀಗೊ ಪಾರ್ಕಿನ ಮನೆಗೆ ಹೊರಟು, ಜೋಳದ ಹಿಟ್ಟಿನ ಚೀಲ ಹೊತ್ತು ಫಾರೆಸ್ಟ್ ಹಿಲ್ಸ್‌ನಲ್ಲಿ ಇಳಿದಿದ್ದೇನೆ. ಮೇಲಿನ 7ನೇ ಗಾಡಿಯಲ್ಲೂ ಇದೇ ಪೇಚು. ಅಂಕಿಯ ಸುತ್ತ ವೃತ್ತವಿದ್ದರೆ ಅದು ಇಲ್ಲಿ ನಿಲ್ಲುತ್ತದೆ, ವಜ್ರದ ಆಕಾರವಿದ್ದರೆ ನಿಲ್ಲುವುದಿಲ್ಲ. ಬೆಳಿಗ್ಗೆ ಫ್ಲಶಿಂಗ್‌ನಿಂದ ವಜ್ರದ ಗಾಡಿ ಹತ್ತಿ ಬಂದವರು ವುಡ್‌ಸೈಡ್‌ನಲ್ಲಿ ಇಳಿದು ಹಿಂದಕ್ಕೆ ಬರಬೇಕು.

ಬಾಗಿಲಲ್ಲಿ ನಿಂತು ಹಿಂದಿನವರನ್ನು ಕೂಗಿ ಕರೆಯುವುದನ್ನೂ ಬಿಡಬೇಕು, ಏಕೆಂದರೆ ಬಾಗಿಲು ಯಾರಿಗೂ ಕಾಯುವುದಿಲ್ಲ. ಗಾಡಿಯೊಳಗೆ ಉಳಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ನಿಲ್ಲಬೇಕು, ಹೊರಗೆ ಉಳಿದವರು ಅದೇ ಅಕ್ಷರದ ಮುಂದಿನ ಗಾಡಿ ಹಿಡಿಯಬೇಕು ಎಂದು ಮನೆಯಲ್ಲಿಯೇ ಮಾತಾಡಿಕೊಂಡಿರಿ. ಮಕ್ಕಳು ಇದನ್ನೆಲ್ಲ ಎಷ್ಟು ಬೇಗ ಕಲಿಯುತ್ತಾರೆಂದರೆ, ಕೆಲವೇ ದಿನಗಳಲ್ಲಿ ಅವರು ಮುಂದೆ, ನಾವು ಹಿಂದೆ. ನನಗೆ ಅದು ಸಂತೋಷದ್ದೇ, ಆದರೆ ಪೂರ್ಣ ಸಂತೋಷವಲ್ಲ. ಬಂಗಾಳಿ, ಪಂಜಾಬಿ, ನೇಪಾಳಿ, ಸ್ಪ್ಯಾನಿಷ್ ಮಾತುಗಳು ಕಿವಿಗೆ ಬೀಳುವ ಈ ಮೆಟ್ಟಿಲುಗಳ ಮೇಲೆ ನಾನು ಇಂದಿಗೂ ಕನ್ನಡಕ್ಕಾಗಿ ಕಿವಿ ನಿಮಿರಿಸುತ್ತೇನೆ. ನನ್ನ ಮಗಳಿಗೆ ಅಂಥ ಹುಡುಕಾಟವೇ ಇಲ್ಲ, ಅವಳಿಗೆ ಇದು ತನ್ನದೇ ಊರಿನ ನಿಲ್ದಾಣ.

ಆ ಊರಿನ ನಿಲ್ದಾಣದಲ್ಲಿ ಅವಳು ಕಾಣದೆ ಹೋದದ್ದು ಒಂದಿದೆ, ಯಾರನ್ನಾದರೂ ಕಳಿಸಲು ಹೋಗುವುದು. ನಮ್ಮಲ್ಲಿ ಒಬ್ಬರು ಬೆಂಗಳೂರಿಗೆ ಹೊರಟರೂ ಮನೆಮಂದಿಯೆಲ್ಲ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು, ಗಾಡಿ ಹೊರಡುವವರೆಗೂ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಇಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಎಂಬುದಿಲ್ಲ; ಕಳಿಸುವವರೂ ಪೂರ್ಣ ಹಣ ಕೊಡಬೇಕಾದ್ದರಿಂದ ಬೀಳ್ಕೊಡುಗೆ ಗೇಟಿನಲ್ಲಿಯೇ ಮುಗಿಯುತ್ತದೆ. ಅಪ್ಪ, ಅವ್ವ ಊರಿನಿಂದ ಬಂದು ಮರಳುವ ದಿನ ಆ ಖರ್ಚಿಗೆ ಹಿಂದುಮುಂದು ನೋಡಬೇಡಿರಿ. ಲಿಫ್ಟಿನಲ್ಲಿ ಇಳಿಸಿ, ಅವರೊಂದಿಗೇ ಇ ಗಾಡಿ ಹತ್ತಿ, ಕೆನಡಿ ವಿಮಾನ ನಿಲ್ದಾಣದ ಏರ್‌ಟ್ರೇನ್ ಸಿಗುವ ಸಟ್ಫಿನ್ ಬುಲೆವಾರ್ಡ್‌ವರೆಗಾದರೂ ಹೋಗಿರಿ; ಮಕ್ಕಳನ್ನೂ ಕರೆದೊಯ್ಯಿರಿ, 44 ಅಂಗುಲಕ್ಕಿಂತ ಗಿಡ್ಡಗಿರುವವರಿಗೆ ಸಬ್‌ವೇಯಲ್ಲಿ ಹೇಗೂ ಹಣವಿಲ್ಲ.